ಮಗು ಊಟ ಮಾಡ್ತಿಲ್ಲ! ಚಿಕ್ಕ ಮಕ್ಕಳ ಊಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕ ಮಗುವಿರುವ ಮನೆಗೆ ಯಾರೇ ಬರಲಿ, ಹೆಸರು ಕೇಳಿದ ಮೇಲೆ ಎರಡನೇ ಪ್ರಶ್ನೆ ಒಂದೇ: "ಚೆನ್ನಾಗಿ ಊಟ ಮಾಡುತ್ತಾ?" ಅಮ್ಮ ನಿಟ್ಟುಸಿರು ಬಿಡುತ್ತಾಳೆ, ಅಜ್ಜಿ ಕಥೆ ಶುರು ಮಾಡುತ್ತಾರೆ. ನಾನು ಡಾಕ್ಟರ್ ಅಲ್ಲ. ನಾಲ್ಕೂವರೆ ವರ್ಷದ ಮಗಳ ತಾಯಿ. ಮೈಸೂರಿನ ಮನೆಯಲ್ಲಿ ಅತ್ತೆ, ಮಾವ, ಗಂಡ ಎಲ್ಲರೂ ಒಟ್ಟಿಗೇ ಇದ್ದೇವೆ. ಓದಿ, ಕೇಳಿ, ಜಾಸ್ತಿ ಎಡವಿಯೇ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಕೇಳಿದವರು ತಂಗಿ, ಗೆಳತಿಯರು, ಅಕ್ಕಪಕ್ಕದ ಮನೆಯವರು.

ಒಂದು ವರ್ಷದವರೆಗೆ ಚೆನ್ನಾಗಿ ತಿನ್ನುತ್ತಿದ್ದ ಮಗು ಈಗ ಬಾಯಿ ಮುಚ್ಚಿಕೊಂಡು ಕೂರುತ್ತದೆ. ಏನಾಗಿದೆ?

ಬಹಳ ಸಲ ಏನೂ ಆಗಿರುವುದಿಲ್ಲ. ಲೆಕ್ಕ ನೋಡಿ. ಹುಟ್ಟಿದಾಗ 3 ಕೆಜಿ ಇದ್ದ ಮಗು ಐದಾರು ತಿಂಗಳಿಗೆ 6 ಕೆಜಿ ಆಗುತ್ತದೆ, ವರ್ಷ ತುಂಬುವಾಗ ಸುಮಾರು 9 ಕೆಜಿ. ಅಂದರೆ ಒಂದೇ ವರ್ಷದಲ್ಲಿ ಮೂರು ಪಟ್ಟು. ಎರಡನೇ ವರ್ಷ ಪೂರ್ತಿ ಏರುವುದು ಎರಡು, ಎರಡೂವರೆ ಕೆಜಿ ಮಾತ್ರ. ಬೆಳೆಯುವ ವೇಗ ಇಳಿದ ಮೇಲೆ ಹಸಿವೂ ಇಳಿಯುತ್ತದೆ. ಅದೇ ಹೊತ್ತಿಗೆ ನಡೆಯಲು ಕಲಿತಿರುತ್ತದೆ, ಮನೆಯಲ್ಲಿ ಎಳೆಯಬೇಕಾದ ಡ್ರಾಯರ್‌ಗಳು ಎಷ್ಟೊಂದಿವೆ! ಕೂತು ತಿನ್ನಲು ಪುರುಸೊತ್ತೆಲ್ಲಿ?

ನಮ್ಮ ಮನೆಯಲ್ಲಿ ಇದಕ್ಕೆ ಮೊದಲ ಔಷಧಿ ದೃಷ್ಟಿ ತೆಗೆಯುವುದು. ಮಗಳಿಗೆ ಹದಿನಾಲ್ಕು ತಿಂಗಳಾಗಿದ್ದಾಗ ಮೂರು ದಿನ ಸರಿಯಾಗಿ ತಿನ್ನಲಿಲ್ಲ. ಅತ್ತೆ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಮೂರು ಸಲ ಇಳಿ ತೆಗೆದು ಒಲೆಗೆ ಹಾಕಿದರು. ಚಟಪಟ ಅಂತು. ಘಾಟು ಬರಲಿಲ್ಲ ನೋಡು, ದೃಷ್ಟಿ ಎಷ್ಟಿತ್ತು ಅಂದರು. ಮಾರನೆಯ ದಿನ ಮಗಳು ಒಂದೂವರೆ ಇಡ್ಲಿ ತಿಂದಳು. ಅದರ ಮಾರನೆಯ ದಿನ ಮತ್ತೆ ಬಾಯಿ ಮುಚ್ಚಿದಳು. ದೃಷ್ಟಿ ತೆಗೆಯಬೇಡಿ ಅಂತ ನಾನು ಹೇಳುವುದಿಲ್ಲ, ಮನೆಯವರಿಗೆ ಸಮಾಧಾನ ಆಗುತ್ತದೆ. ಆದರೆ ಒಂದು ಹೊತ್ತಿನ ಊಟ ನೋಡಿ ಗಾಬರಿ ಆಗಬೇಡಿ. ವಾರದ ಲೆಕ್ಕ ಹಾಕಿ. ಒಂದು ದಿನ ಬಿಟ್ಟದ್ದನ್ನು ಮಕ್ಕಳು ಇನ್ನೊಂದು ದಿನ ಸರಿದೂಗಿಸುತ್ತಾರೆ.

ಅನ್ನಪ್ರಾಶನ ಐದನೇ ತಿಂಗಳಿಗೇ ಇಟ್ಟುಕೊಂಡಿದ್ದಾರೆ. ಆವತ್ತಿನಿಂದಲೇ ಊಟ ಶುರು ಮಾಡೋದಾ?

ಶಾಸ್ತ್ರ ಶಾಸ್ತ್ರಕ್ಕೆ, ಊಟ ಊಟಕ್ಕೆ. ಹೆಣ್ಣು ಮಗುವಿಗೆ ಬೆಸ ತಿಂಗಳು, ಗಂಡಿಗೆ ಸಮ ತಿಂಗಳು ಅನ್ನುವ ರೂಢಿಯಿಂದ ಐದನೆಯದಕ್ಕೆ ಬಂದಿರುತ್ತದೆ. ಏಳನೇ ತಿಂಗಳೂ ಬೆಸವೇ ಅಲ್ವಾ? ಹೊರನಾಡಿಗೆ ಎರಡು ತಿಂಗಳು ತಡವಾಗಿ ಹೋದರೆ ಅನ್ನಪೂರ್ಣೇಶ್ವರಿ ಬೇಜಾರು ಮಾಡಿಕೊಳ್ಳುವುದಿಲ್ಲ. ಆರು ತಿಂಗಳು ತುಂಬುವವರೆಗೆ ತಾಯಿ ಹಾಲು ಸಾಕು, ನೀರೂ ಬೇಡ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆಮೇಲೆ ಊಟದ ಜೊತೆಗೆ ಎರಡು ವರ್ಷದವರೆಗೆ, ಬೇಕಾದರೆ ಮುಂದೆಯೂ ಹಾಲೂಡಿಸಬಹುದು.

ಒಂದು ವಿಷಯದಲ್ಲಿ ಮಾತ್ರ ಯಾರ ಮಾತಿಗೂ ಜಗ್ಗಬೇಡಿ. ಜೇನುತುಪ್ಪ. ವರ್ಷ ತುಂಬುವವರೆಗೆ ನಾಲಿಗೆಗೆ ಸವರುವುದೂ ಬೇಡ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಹಸುಗೂಸಿನ ಕರುಳಲ್ಲಿ ಬೆಳೆದು ವಿಷ ಉಂಟುಮಾಡುತ್ತದೆ. ಬಾಟ್ಯುಲಿಸಂ ಅನ್ನುತ್ತಾರೆ. ಅಪರೂಪ ನಿಜ, ಆದರೆ ಜೀವಕ್ಕೇ ಅಪಾಯ.

ಮೊದಲು ಏನು ಕೊಡಬೇಕು? ಬೇಳೆ ಕಟ್ಟು ಸಾಕಲ್ವಾ?

ಸಾಕಾಗಲ್ಲ. ಬೇಳೆ ಬೇಯಿಸಿದ ನೀರಿನಲ್ಲಿ ಇರುವುದು ಬಹುಪಾಲು ನೀರೇ. ಮಗುವಿನ ಹೊಟ್ಟೆ ಅದರ ಮುಷ್ಟಿಯಷ್ಟು ಇರುತ್ತದೆ. ಅಷ್ಟು ಜಾಗದಲ್ಲಿ ತಿಳಿನೀರು ತುಂಬಿದರೆ ಶಕ್ತಿ ಎಲ್ಲಿಂದ ಬರಬೇಕು? ಬೇಳೆಯನ್ನೇ ನುಣ್ಣಗೆ ಮಸೆದು ಅನ್ನದ ಜೊತೆ ಕಲೆಸಿ, ಮೇಲೆ ಅರ್ಧ ಚಮಚ ತುಪ್ಪ ಹಾಕಿ. ಚಮಚ ಓರೆ ಮಾಡಿದರೆ ಜಾರಿ ಬೀಳಬಾರದು, ಅದೇ ಹದ. ಆರರಿಂದ ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಒಂಬತ್ತರ ಮೇಲೆ ಮೂರು ನಾಲ್ಕು ಸಲ. ವರ್ಷದೊಳಗೆ ಉಪ್ಪು, ಸಕ್ಕರೆ ಸೇರಿಸುವುದು ಬೇಡ. ಸಪ್ಪೆ ಅಂತ ಅನ್ನಿಸುವುದು ನಮ್ಮ ನಾಲಿಗೆಗೆ.

ಇನ್ನು ರಾಗಿ ಸರಿ. ನಮ್ಮ ಅತ್ತೆ ಮದ್ದೂರಿನ ಕಡೆಯವರು, ಅವರಿಗೆ ಇದು ಪೂಜೆಯಷ್ಟೇ ಮುಖ್ಯ. ರಾಗಿಯನ್ನು ಕಲ್ಲು ಹೋಗುವವರೆಗೆ ಐದಾರು ನೀರಲ್ಲಿ ಗಾಳಿಸುತ್ತಾರೆ. ಒಂದು ರಾತ್ರಿ ನೆನೆಸಿ, ಮಾವನ ಹಳೆಯ ಬಿಳಿ ಪಂಚೆಯಲ್ಲಿ ಗಂಟು ಕಟ್ಟಿ ಅಡುಗೆಮನೆಯ ಮೂಲೆಯಲ್ಲಿ ಇಡುತ್ತಾರೆ. ಎರಡನೇ ದಿನ ಗಂಟು ಬಿಚ್ಚಿದರೆ ಒಳಗೆ ಬೆಚ್ಚಗಿರುತ್ತದೆ, ಹಸಿ ಮಣ್ಣಿನಂಥ ವಾಸನೆ, ಬಿಳಿ ದಾರದಂಥ ಮೊಳಕೆ ಪಂಚೆಗೆ ಅಂಟಿಕೊಂಡಿರುತ್ತದೆ. ನೆರಳಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟು ಮಾತ್ರ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಶೋಧಿಸಿ ಡಬ್ಬಿಗೆ ತುಂಬುತ್ತಾರೆ.

ಇದೆಲ್ಲ ಸುಮ್ನೆ ಸಂಪ್ರದಾಯ ಅಂದುಕೊಂಡಿದ್ದೆ. ಅಲ್ಲ. ಮೊಳಕೆ ಬಂದಾಗ ಕಾಳಿನಲ್ಲಿ ಅಮೈಲೇಸ್ ಅನ್ನುವ ಕಿಣ್ವ ಹುಟ್ಟುತ್ತದೆ, ಅದು ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಮೊಳಕೆ ಹಿಟ್ಟಿನ ಸರಿ ಬೇಗ ಗಟ್ಟಿಯಾಗುವುದಿಲ್ಲ. ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ, ಮಗುವಿಗೆ ನುಂಗಲೂ ಸುಲಭ. ಹುರಿಯುವಾಗ ಕಪ್ಪಾದರೆ ಕಿಣ್ವ ಸಾಯುತ್ತದೆ. "ಘಮ ಬಂದ ಕೂಡಲೇ ಇಳಿಸು" ಅಂತ ಅತ್ತೆ ಹೇಳುತ್ತಿದ್ದದ್ದಕ್ಕೆ ಕಾರಣ ಗೊತ್ತಾದ ದಿನ ನಾನು ಸ್ವಲ್ಪ ತೆಪ್ಪಗಾದೆ. ಶೋಧಿಸುವ ವಿಷಯದಲ್ಲಿ ಮಾತ್ರ ನನ್ನದು ತಕರಾರು. ರಾಗಿಯ ಕ್ಯಾಲ್ಸಿಯಂ ಬಹಳಷ್ಟು ಸಿಪ್ಪೆಯಲ್ಲೇ ಇರುವುದರಿಂದ ಎಂಟೊಂಬತ್ತು ತಿಂಗಳಾದ ಮೇಲೆ ಶೋಧಿಸದೇ ಕೊಡಿ.

ಇನ್ನೊಂದು, ಮಿಕ್ಸಿಗೆ ಹಾಕಿದ್ದನ್ನೇ ವರ್ಷದವರೆಗೆ ಎಳೆಯಬೇಡಿ. ಎಂಟರಿಂದ ಹತ್ತನೇ ತಿಂಗಳೊಳಗೆ ಕೈಯಲ್ಲಿ ಕಿವುಚಿದ, ಸಣ್ಣ ಗಂಟಿರುವ ಊಟ ಬರಬೇಕು. ಆಗ ಜಗಿಯಲು ಕಲಿಯದ ಮಕ್ಕಳು ಮೂರು ವರ್ಷಕ್ಕೂ ದೋಸೆ ಚೂರು ಕಂಡರೆ ಓಕರಿಸುತ್ತಾರೆ. ಮೊಟ್ಟೆ ತಿನ್ನುವ ಮನೆಯಾದರೆ ಚೆನ್ನಾಗಿ ಬೆಂದ ಮೊಟ್ಟೆಯನ್ನೂ ಆರು ತಿಂಗಳ ಮೇಲೆ ಶುರು ಮಾಡಬಹುದು. ಕಡಲೆಬೀಜ ಅರೆದು ಕೊಡಿ, ಇಡೀ ಬೀಜ ಐದು ವರ್ಷದವರೆಗೆ ಬೇಡ. ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುತ್ತದೆ.

ರಾಗಿ ತಿಂದರೆ ಎಲ್ಲಾ ಸಿಗುತ್ತಲ್ವಾ? ಮತ್ತೆ ರಕ್ತ ಕಮ್ಮಿ ಅಂತಾರಲ್ಲ?

ರಾಗಿ ಕ್ಯಾಲ್ಸಿಯಂನಲ್ಲಿ ರಾಜ. ನೂರು ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಅಷ್ಟೇ ಹಾಲಿನಲ್ಲಿ ಇರುವುದು ಸುಮಾರು 120. ಆದರೆ ಕಬ್ಬಿಣದ ಕಥೆ ಬೇರೆ. ಕಾಳು, ಸೊಪ್ಪಿನಲ್ಲಿರುವ ಕಬ್ಬಿಣ ದೇಹಕ್ಕೆ ಅಷ್ಟು ಸುಲಭವಾಗಿ ಹತ್ತುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಂದಿಗೆ ರಕ್ತಹೀನತೆ ಇತ್ತು. ಮುದ್ದೆ, ರೊಟ್ಟಿ ತಿನ್ನುವ ನಾಡಿನಲ್ಲಿ!

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ಬಸ್ಸಾರು, ಸೊಪ್ಪಿನ ಹುಳಿಗೆ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಊಟ ಆದಮೇಲೆ ಒಂದು ತುಂಡು ಸೀಬೆಹಣ್ಣು ಕೊಡಿ. ವಿಟಮಿನ್ ಸಿ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಟೀ ಇದಕ್ಕೆ ಉಲ್ಟಾ. "ಒಂದು ಗುಟುಕು ಅಷ್ಟೇ" ಅಂತ ತಾತ ತಟ್ಟೆಗೆ ಸುರಿದು ಕೊಡುವ ಟೀ, ಅದರಲ್ಲಿ ಅದ್ದಿದ ಬಿಸ್ಕತ್ತು, ಎರಡೂ ಬೇಡ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ವಾರಕ್ಕೆ ಎರಡು ಸಲ ಕೊಡುವ ಕಬ್ಬಿಣದ ಸಿರಪ್ ಆಶಾ ಕಾರ್ಯಕರ್ತೆಯರ ಹತ್ತಿರ ಉಚಿತವಾಗಿ ಸಿಗುತ್ತದೆ. ಮಲ ಕಪ್ಪಾಗುತ್ತದೆ ಅಂತ ಅರ್ಧಕ್ಕೇ ನಿಲ್ಲಿಸುವವರು ಜಾಸ್ತಿ. ಕಪ್ಪಾಗುವುದು ಸಹಜ. ವರ್ಷಕ್ಕೆ ಎರಡು ಸಲದ ಜಂತುಹುಳು ಮಾತ್ರೆಯನ್ನೂ ತಪ್ಪಿಸಬೇಡಿ.

ಊಟ ಮಾಡದಿದ್ದರೆ ಹಾಲಾದರೂ ಕುಡಿಯಲಿ ಅಂತ ಕೊಡುತ್ತೇವೆ. ತಪ್ಪಾ?

ಹಾಲು ಕುಡಿದದ್ದರಿಂದಲೇ ಊಟ ಮಾಡುತ್ತಿಲ್ಲ ಅಂತ ಯಾಕೆ ಇರಬಾರದು? ಹಸುವಿನ ಹಾಲಿನಲ್ಲಿ ಕಬ್ಬಿಣ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ವರ್ಷದ ಮೇಲೆ ದಿನಕ್ಕೆ ಎರಡು ಲೋಟ, ಅಂದರೆ 400ರಿಂದ 500 ಮಿಲಿ, ಅಷ್ಟಕ್ಕೆ ನಿಲ್ಲಿಸಿ. ಬಾಟಲಿಯಲ್ಲಂತೂ ಬೇಡ. ಬಾಯಲ್ಲಿ ಬಾಟಲಿ ಇಟ್ಟುಕೊಂಡೇ ಮಲಗುವ ಮಕ್ಕಳ ಮುಂದಿನ ಹಲ್ಲು ನೋಡಿದ್ದೀರಲ್ಲ.

ಮೊಬೈಲ್ ತೋರಿಸದಿದ್ದರೆ ಬಾಯೇ ತೆರೆಯಲ್ಲ. ಏನು ಮಾಡೋದು?

ಇದರಲ್ಲಿ ನಾನೇ ದೊಡ್ಡ ಅಪರಾಧಿ. ಮಗಳಿಗೆ ಎರಡು ವರ್ಷ ಆಗುವವರೆಗೂ ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿ ಕೂರಿಸುತ್ತಿದ್ದೆ. ಹಾಡು ಶುರುವಾದರೆ ಬಾಯಿ ತಾನಾಗಿ ತೆರೆಯುತ್ತಿತ್ತು, ಹತ್ತು ನಿಮಿಷದಲ್ಲಿ ಬಟ್ಟಲು ಖಾಲಿ. ಎಷ್ಟು ಆರಾಮ! ಒಂದು ದಿನ ಊಟದ ಮಧ್ಯೆ ಚಾರ್ಜ್ ಖಾಲಿಯಾಗಿ ಫೋನ್ ಆಫ್ ಆಯಿತು. ಅವಳು ನಿಧಾನಕ್ಕೆ ತಲೆ ತಗ್ಗಿಸಿ ಬಟ್ಟಲು ನೋಡಿದಳು. ಒಂದು ಅಗುಳನ್ನು ಬೆರಳಿಂದ ಎತ್ತಿ, "ಏನಿದು?" ಅಂದಳು. ಒಂದೂವರೆ ವರ್ಷದಿಂದ ದಿನಾ ತಿನ್ನುತ್ತಿದ್ದ ಅನ್ನ ಸಾರು ಅದು.

ಆವತ್ತು ಅರ್ಥವಾಯಿತು. ಅವಳು ಊಟ ಮಾಡುತ್ತಿರಲಿಲ್ಲ, ನಾನು ತುಂಬುತ್ತಿದ್ದೆ. ಹೊಟ್ಟೆ ತುಂಬಿತು ಅನ್ನುವ ಸುದ್ದಿ ಅವಳಿಗೆ ತಲುಪುವ ಮೊದಲೇ ತುತ್ತು ಒಳಗೆ ಹೋಗಿರುತ್ತಿತ್ತು. ನಮ್ಮ ಅಜ್ಜಿಯರು ಚಂದಮಾಮನನ್ನು ತೋರಿಸಿ ತುತ್ತು ಇಡುತ್ತಿರಲಿಲ್ಲವಾ ಅಂತ ನನ್ನ ಗಂಡ ವಾದ ಮಾಡಿದರು. ಇಡುತ್ತಿದ್ದರು. ಆದರೆ ಚಂದಮಾಮ ಎಷ್ಟು ಹೊತ್ತು ನೋಡಿದರೂ ಅಷ್ಟೇ, ಹತ್ತು ಸೆಕೆಂಡಿಗೊಮ್ಮೆ ಬದಲಾಗುವುದಿಲ್ಲ. ಮಗು ಬೇಜಾರಾಗಿ ಅಜ್ಜಿಯ ಕೈ ಕಡೆಗೇ ತಿರುಗುತ್ತಿತ್ತು.

ಬಿಡಿಸುವುದು ಹೇಗೆ ಅಂದರೆ, ಒಂದೇ ಸಲ ಬಿಡಿಸಿ. ಸ್ವಲ್ಪ ಸ್ವಲ್ಪ ಕಮ್ಮಿ ಮಾಡುವುದು ನಮ್ಮಲ್ಲಂತೂ ನಡೆಯಲಿಲ್ಲ. ನಾಲ್ಕೈದು ದಿನ ಅಳು, ಅರೆಹೊಟ್ಟೆ. ಆರನೇ ದಿನ ಅವಳೇ ಕೈ ಹಾಕಿ ತಿಂದಳು. ಅನ್ನ ನೆಲದ ಮೇಲೆ, ತಲೆಯ ಮೇಲೆ, ಎಲ್ಲೆಲ್ಲೂ. ಕೆಳಗೊಂದು ಹಳೆಯ ಪ್ಲಾಸ್ಟಿಕ್ ಹಾಳೆ ಹಾಸಿಬಿಡಿ. ಮತ್ತೆ ದೊಡ್ಡವರ ಫೋನೂ ಬೇರೆ ಕೋಣೆಯಲ್ಲಿರಬೇಕು, ಇದು ಮಾವನಿಗೆ ಅತಿ ಕಷ್ಟವಾಯಿತು.

ತರಕಾರಿ ಕಂಡರೆ ಆಗಲ್ಲ. ಆರಿಸಿ ಆರಿಸಿ ಎಸೆಯುತ್ತಾನೆ.

ಹೊಸ ರುಚಿಗೆ ಹೆದರುವುದು ಎರಡರಿಂದ ಆರು ವರ್ಷದ ಮಕ್ಕಳ ಸ್ವಭಾವ. ನಾವು ಎರಡು ಸಲ ಇಟ್ಟು, ಮೂರನೇ ಸಲಕ್ಕೆ "ಇವನಿಗೆ ಬೀನ್ಸ್ ಆಗಲ್ಲ" ಅಂತ ತೀರ್ಪು ಕೊಟ್ಟುಬಿಡುತ್ತೇವೆ. ಮಕ್ಕಳ ಊಟದ ಬಗ್ಗೆ ಸಂಶೋಧನೆ ಮಾಡಿದವರು ಹೇಳುವುದು ಎಂಟರಿಂದ ಹದಿನೈದು ಸಲ ರುಚಿ ನೋಡಬೇಕು ಅಂತ. ಅದೂ ಬಲವಂತ ಇಲ್ಲದೆ. ಮುಟ್ಟಿ ನೋಡಿ ಬಿಟ್ಟರೂ, ನೆಕ್ಕಿ ಉಗುಳಿದರೂ ದಾರಿ ಸರಿಯಾಗೇ ಇದೆ.

ಈ ಪಾಠ ಹುಟ್ಟುವ ಮೊದಲೇ ಶುರುವಾಗಿರುತ್ತದೆ ಅಂದರೆ ನಂಬುತ್ತೀರಾ? ಅಮೆರಿಕದ ಜೂಲಿ ಮೆನ್ನೆಲ್ಲಾ ಮತ್ತು ಜೊತೆಯವರು 2001ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಸಿರಲ್ಲಿ ಅಥವಾ ಹಾಲೂಡಿಸುವಾಗ ಕ್ಯಾರೆಟ್ ರಸ ಕುಡಿದ ತಾಯಂದಿರ ಕೂಸುಗಳು ಕ್ಯಾರೆಟ್ ಬೆರೆಸಿದ ಊಟಕ್ಕೆ ಕಮ್ಮಿ ಮುಖ ಸಿಂಡರಿಸಿದವು. ತಾಯಿ ತಿಂದ ರುಚಿ ಹಾಲಿಗೆ ಇಳಿಯುತ್ತದೆ. ಇದು ಓದಿದ ಮೇಲೆ ನನಗೆ ನಮ್ಮ ಬಾಣಂತನದ ಊಟ ನೆನಪಾಯಿತು. ಮೂರು ತಿಂಗಳು ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು. ತರಕಾರಿ ಹೆಸರಿಗೂ ಇಲ್ಲ, ಎಲ್ಲಾ ನಂಜು, ಎಲ್ಲಾ ಶೀತ. ನನ್ನ ಮಗಳಿಗೆ ಇವತ್ತಿಗೂ ಸಬ್ಬಸಿಗೆ ಸೊಪ್ಪು ಅಂದರೆ ಪ್ರಾಣ. ಕಾರಣ ಇದೇ ಅಂತ ಹೇಳಲಾರೆ, ಆದರೆ ಅನುಮಾನ ಇದೆ.

ಇನ್ನು ಎದುರಿಗೆ ಕೂತವರ ತಟ್ಟೆ. ನನ್ನ ಗಂಡನಿಗೆ ಬದನೆಕಾಯಿ ಆಗದು. ಬಾಯಿಬಿಟ್ಟು ಹೇಳುವುದಿಲ್ಲ, ಪಾಪ. ಹುಳಿಯಲ್ಲಿ ಬಂದ ಹೋಳುಗಳನ್ನು ಹೆಬ್ಬೆರಳಿಂದ ಮೆಲ್ಲಗೆ ತಟ್ಟೆಯ ಅಂಚಿಗೆ ತಳ್ಳಿ, ಕರಿಬೇವಿನ ಪಕ್ಕ ಸಾಲಾಗಿ ಇಡುತ್ತಾರೆ. ಮಗಳಿಗೆ ಮೂರು ವರ್ಷವಾದಾಗ ಒಂದು ದಿನ ನೋಡುತ್ತೇನೆ, ಅವಳ ಪುಟ್ಟ ಸ್ಟೀಲ್ ತಟ್ಟೆಯ ಅಂಚಿನಲ್ಲೂ ಅದೇ ಸಾಲು. ಅದೇ ಹೆಬ್ಬೆರಳು. ಅವಳು ಆ ಹೋಳನ್ನು ಬಾಯಿಗೇ ಇಟ್ಟಿರಲಿಲ್ಲ.

ಒತ್ತಾಯ ಮಾಡದಿದ್ದರೆ ಉಪವಾಸ ಬೀಳಲ್ವಾ?

ಎಲ್ಲೆನ್ ಸ್ಯಾಟರ್ ಅನ್ನುವ ಅಮೆರಿಕದ ಆಹಾರ ತಜ್ಞೆ ಕೆಲಸ ಹಂಚಿಕೊಟ್ಟಿದ್ದಾರೆ. ಏನು, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರ ಪಾಲು. ತಿನ್ನಬೇಕಾ ಬೇಡವಾ, ಎಷ್ಟು ಅನ್ನುವುದು ಮಗುವಿನ ಪಾಲು. ಓದಲು ಸುಲಭ. ಅತ್ತೆ ಎದುರಿಗೆ ಕೂತು "ಎರಡೇ ತುತ್ತು ತಿಂದಿದೆ ಕಣೇ" ಅಂದಾಗ ಪಾಲಿಸುವುದು ಕಷ್ಟ.

ಲಿಯಾನ್ ಬರ್ಚ್ ಮತ್ತು ಜೊತೆಯವರು 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ಧೈರ್ಯ ಕೊಟ್ಟಿತು. ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳಿಗೆ ಸೂಪ್ ಕೊಟ್ಟು, ಒಂದು ಸೂಪಿಗೆ "ಮುಗಿಸು, ಮುಗಿಸು" ಅಂತ ಹೇಳುತ್ತಿದ್ದರು, ಇನ್ನೊಂದಕ್ಕೆ ಏನೂ ಹೇಳಲಿಲ್ಲ. ಒತ್ತಾಯ ಮಾಡಿದ್ದನ್ನು ಮಕ್ಕಳು ಕಮ್ಮಿ ಕುಡಿದರು, ದೂರು ಹೇಳಿದ್ದೂ ಅದರ ಬಗ್ಗೆಯೇ ಜಾಸ್ತಿ. ಮದುವೆ ಮನೆಯಲ್ಲಿ "ಇನ್ನೊಂದು ಹೋಳಿಗೆ" ಅಂತ ಎಲೆಗೆ ಬೀಳಿಸುವವರನ್ನು ಕಂಡರೆ ನಮಗೆ ಹೇಗಾಗುತ್ತದೆ ಹೇಳಿ?

ಆರೋಗ್ಯವಾಗಿರುವ ಮಗು ಒಂದು ಹೊತ್ತು ಬಿಟ್ಟರೆ ಏನೂ ಆಗಲ್ಲ. ಆದರೆ ಅರ್ಧ ಗಂಟೆ ಬಿಟ್ಟು ಚಿಪ್ಸ್ ಪ್ಯಾಕೆಟ್ ಒಡೆಯಬಾರದು. ಮುಂದಿನ ಊಟದ ಹೊತ್ತಿಗೇ ಊಟ.

ಪಲ್ಯ ತಿಂದರೆ ಚಾಕಲೇಟ್ ಅಂತ ಹೇಳಬಹುದಾ?

ಹೇಳಿದರೆ ಮಗು ಕಲಿಯುವುದು ಎರಡು ವಿಷಯ: ಪಲ್ಯ ಶಿಕ್ಷೆ, ಚಾಕಲೇಟ್ ಬಹುಮಾನ. ಗುಮ್ಮ, ಪೊಲೀಸ್, ಇಂಜೆಕ್ಷನ್ ಚುಚ್ಚುವ ಡಾಕ್ಟರ್, ಇವರನ್ನೂ ಊಟಕ್ಕೆ ಕರೆಯಬೇಡಿ.

ನಾನು ಬೇಡ ಅಂದರೂ ಅತ್ತೆ ಮಾವ ಬಿಸ್ಕತ್ತು ಕೊಡುತ್ತಾರೆ. ಜಗಳ ಆಗುತ್ತೆ.

ನನಗೆ ಅತಿ ಜಾಸ್ತಿ ಬರುವ ಪ್ರಶ್ನೆ ಇದು. ತಗ್ಗಿದ ದನಿಯಲ್ಲೇ ಕೇಳುತ್ತಾರೆ. ನಮ್ಮ ಮನೆಗಳಲ್ಲಿ ಓದಿ ನಿಯಮ ಮಾಡುವವರು ಒಬ್ಬರು, ಮಧ್ಯಾಹ್ನ ಕೂತು ತಿನ್ನಿಸುವವರು ಇನ್ನೊಬ್ಬರು. ನಾನು ಬೆಳಿಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಹೊರಟರೆ ಸಂಜೆ ಆರರವರೆಗೆ ಮಗುವಿನ ಹಸಿವು, ಅಳು, ಹಟ ಎಲ್ಲಾ ಅತ್ತೆಯ ಪಾಲು. ಅವರಿಗೆ ಫೋನಿನಿಂದ ಆಜ್ಞೆ ಮಾಡಲು ನಾನ್ಯಾರು? ಅವರ ಕಾಲದಲ್ಲಿ ಮಗು ದುಂಡಗಿದ್ದರೆ ಬದುಕುಳಿಯುತ್ತದೆ ಅನ್ನುವ ಧೈರ್ಯ. ಆ ಹೆದರಿಕೆ ಇನ್ನೂ ಹೋಗಿಲ್ಲ.

ನಮ್ಮಲ್ಲಿ ಕೆಲಸ ಮಾಡಿದ್ದು ಒಂದೇ ಉಪಾಯ. "ಬಿಸ್ಕತ್ತು ಕೊಡಬೇಡಿ" ಅನ್ನುವುದನ್ನು ಬಿಟ್ಟು, "ನೀವು ಮಾಡುತ್ತಿದ್ದ ಹುರಿಹಿಟ್ಟಿನ ಉಂಡೆ ಮಾಡಿಕೊಡ್ತೀರಾ?" ಅಂತ ಕೇಳಿದೆ. ನಾಲ್ಕು ಗಂಟೆಯ ಹಸಿವಿಗೆ ಕೈಗೆ ಸಿಗುವಂಥದ್ದು ಒಂದಿರಬೇಕು ಅಷ್ಟೇ. ಈಗ ಉಂಡೆ, ಇಲ್ಲವೇ ಬಾಳೆಹಣ್ಣು, ಇಲ್ಲವೇ ಬೇಯಿಸಿದ ಕಡಲೆಕಾಳು ಒಗ್ಗರಣೆ. ಬೆಲ್ಲ ಕಮ್ಮಿ ಹಾಕಿ ಅಂತ ಇನ್ನೂ ಹೇಳುತ್ತಲೇ ಇದ್ದೇನೆ. ಹಾಕುತ್ತಾರೆ. ಬಿಸ್ಕತ್ತು ಪೂರ್ತಿ ನಿಂತಿಲ್ಲ, ಮಾವನ ಜೇಬು ಯಾವಾಗಲೂ ಸ್ವಲ್ಪ ಉಬ್ಬಿರುತ್ತದೆ. ಭಾನುವಾರದ ಒಂದು ಬಿಸ್ಕತ್ತಿಗೆ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ.

ಹಾಲಿಗೆ ಹಾಕುವ ಹೆಲ್ತ್ ಡ್ರಿಂಕ್ ಪುಡಿ ಕೊಟ್ಟರೆ ಉದ್ದ ಆಗ್ತಾರಾ?

ಡಬ್ಬಿ ತಿರುಗಿಸಿ ಸಕ್ಕರೆ ಎಷ್ಟಿದೆ ಓದಿ. ಬಹಳಷ್ಟು ಡಬ್ಬಿಗಳಲ್ಲಿ ನೂರು ಗ್ರಾಂಗೆ ಮೂವತ್ತು ಗ್ರಾಂ, ಅದಕ್ಕೂ ಮೇಲೆ. ನಮ್ಮ ಆಹಾರ ಸುರಕ್ಷತಾ ಕಾನೂನಿನಲ್ಲಿ "ಹೆಲ್ತ್ ಡ್ರಿಂಕ್" ಅನ್ನುವ ವರ್ಗವೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ಇಂಥ ಪಾನೀಯಗಳನ್ನು ಆ ಹೆಸರಿನ ಕೆಳಗಿಂದ ತೆಗೆಯಲು ಹೇಳಿತು. ಆ ದುಡ್ಡಿಗೆ ಹಣ್ಣು ತನ್ನಿ.

ಅಂಗನವಾಡಿಯಲ್ಲಿ ತಟ್ಟೆ ಖಾಲಿ ಮಾಡುತ್ತಾನಂತೆ. ಮನೆಯಲ್ಲಿ ಯಾಕೆ ನಾಟಕ?

ಅಲ್ಲಿ ಸುತ್ತ ಹದಿನೈದು ಮಕ್ಕಳು ಸಾಲಾಗಿ ಕೂತು ಅದನ್ನೇ ತಿನ್ನುತ್ತಿರುತ್ತಾರೆ. ತುತ್ತು ಹಿಡಿದು ಹಿಂದೆ ಓಡುವವರು ಯಾರೂ ಇಲ್ಲ. 1980ರಲ್ಲೇ ಬರ್ಚ್ ಇದನ್ನು ತೋರಿಸಿದ್ದರು: ತನಗೆ ಇಷ್ಟವಿಲ್ಲದ ತರಕಾರಿಯನ್ನು ಜೊತೆಯ ಮಕ್ಕಳು ಆರಿಸಿಕೊಳ್ಳುವುದನ್ನು ಕೆಲವು ದಿನ ನೋಡಿದ ಮಗು ತಾನೂ ಅದನ್ನು ಆರಿಸತೊಡಗಿತು.

ಕರ್ನಾಟಕದಲ್ಲಿ ಈ ಸಾಲು 1975ರ ಅಕ್ಟೋಬರ್ 2ರಂದು ನಮ್ಮ ಮೈಸೂರು ಜಿಲ್ಲೆಯ ತಿ. ನರಸೀಪುರದಿಂದ ಶುರುವಾಯಿತು. 2013ರಿಂದ ಕ್ಷೀರಭಾಗ್ಯದ ಹಾಲೂ ಸೇರಿತು. "ಅಂಗನವಾಡಿ ಊಟ ಬಡವರ ಮಕ್ಕಳಿಗೆ" ಅಂತ ಮೂಗು ಮುರಿಯುವವರಿಗೆ ಒಂದು ಮಾತು. ಸಾಲಲ್ಲಿ ಕೂತು ಎಲ್ಲರ ಜೊತೆ ತಿನ್ನುವ ಅಭ್ಯಾಸ ದುಬಾರಿ ಪ್ಲೇಹೋಮಿನ ಟಿಫಿನ್ ಡಬ್ಬಿಯಲ್ಲಿ ಸಿಗಲ್ಲ. ಮನೆಯಲ್ಲೂ ಮಗುವಿಗೊಂದು ತಟ್ಟೆ, ಎಲ್ಲರ ಜೊತೆ ನೆಲದ ಮೇಲೆ, ದಿನಕ್ಕೆ ಒಂದು ಹೊತ್ತಾದರೂ ಸಾಕು. ಅಮ್ಮ ಬಡಿಸುತ್ತಾ ನಿಲ್ಲಬಾರದು, ಅವಳೂ ಕೂರಬೇಕು. ಸಾರು ಎಲ್ಲಿದೆ ಅಂತ ಗಂಡನಿಗೆ ಗೊತ್ತಿರುತ್ತದೆ.

ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು?

ಪಕ್ಕದ ಮನೆ ಮಗುವಿನ ಜೊತೆ ಹೋಲಿಸಿ ಅಲ್ಲ, ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ಗೆರೆ ನೋಡಿ. ಗೆರೆ ಚಪ್ಪಟೆಯಾಗಿದ್ದರೆ, ಕೆಳಗೆ ಇಳಿದರೆ ಹೋಗಿ. ನುಂಗುವಾಗ ಪ್ರತಿ ಸಲ ಕೆಮ್ಮು, ಪದೇ ಪದೇ ವಾಂತಿ ಭೇದಿ, ಬಿಳಿಚಿಕೊಂಡ ಮುಖ, ಮಣ್ಣು ಸೀಮೆಸುಣ್ಣ ತಿನ್ನುವ ಚಟ, ಆಟವೂ ಬೇಡ ಅನ್ನುವಷ್ಟು ಸುಸ್ತು ಇದ್ದರೂ ಹೋಗಿ. ಕೈಬೆರಳೆಣಿಕೆಯ ತಿಂಡಿ ಬಿಟ್ಟು ಬೇರೆ ಏನನ್ನೂ ತಿಂಗಳುಗಟ್ಟಲೆ ಮುಟ್ಟದಿದ್ದರೂ ತೋರಿಸಿ.

ನಿಮ್ಮ ಮಗಳು ಈಗ ಬದನೆಕಾಯಿ ತಿಂತಾಳಾ?

ಇಲ್ಲ. ಎಣ್ಣೆಗಾಯಿ ಮಾಡಿದ ದಿನ ರೊಟ್ಟಿಯಲ್ಲಿ ಗೊಜ್ಜನ್ನು ಬಳಿದು ಬಳಿದು ತಿನ್ನುತ್ತಾಳೆ, ಕಾಯಿಯನ್ನು ಎತ್ತಿ ಅಪ್ಪನ ತಟ್ಟೆಗೆ ಹಾಕುತ್ತಾಳೆ. ಹಾಕಿ ಮುಖವನ್ನೇ ನೋಡುತ್ತಾ ಕೂರುತ್ತಾಳೆ. ಅವರು ತಿನ್ನಲೇಬೇಕು. ಎರಡು ತಿಂಗಳಿಂದ ತಿನ್ನುತ್ತಿದ್ದಾರೆ, ಮೊನ್ನೆ ಇನ್ನೊಂದು ಬಡಿಸು ಅಂದರು.